ಆವರ್ತ ದಶಮಾಂಶವೂ ಪೂರ್ಣಾಂಕವೂ: ಒಂದು ಐತಿಹಾಸಿಕ ವಿವೇಚನೆ

೧

ಒಂದನ್ನು ಮೂರರಿಂದ ಭಾಗಿಸಿದರೆ ೦.೩೩೩… ಎಂಬ ಕೊನೆಯಿಲ್ಲದ ದಶಮಾಂಶವು ದೊರೆಯುತ್ತದೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲನು. ಇದನ್ನು ಮತ್ತೆ ಮೂರರಿಂದ ಗುಣಿಸಿದಾಗ ಒಂದು ಪಕ್ಕದಲ್ಲಿ ೧ ಎಂಬ ಪೂರ್ಣಾಂಕವೂ ಇನ್ನೊಂದು ಪಕ್ಕದಲ್ಲಿ ೦.೯೯೯… ಎಂಬ ಆವರ್ತ ದಶಮಾಂಶವೂ ಬಂದು ನಿಲ್ಲುತ್ತವೆ. ಇವೆರಡೂ ಒಂದೇ ಸಂಖ್ಯೆಯ ಎರಡು ಬರವಣಿಗೆಗಳೇ? ಇಲ್ಲವೆ, ಎರಡನೆಯದು ಮೊದಲನೆಯದನ್ನು ಸದಾ ಸಮೀಪಿಸುತ್ತ ಎಂದಿಗೂ ಮುಟ್ಟದೆ ಉಳಿಯುವುದೇ? ಗಣಿತಶಾಸ್ತ್ರದ ಉತ್ತರವು ನಿಸ್ಸಂದಿಗ್ಧವಾಗಿದೆ. ಇವೆರಡೂ ಒಂದೇ ಸಂಖ್ಯೆ. ಇವುಗಳ ನಡುವೆ ಎಷ್ಟು ಸೂಕ್ಷ್ಮವಾದ ಅಂತರವೂ ಇಲ್ಲ.

ಆದರೆ ಉತ್ತರವು ನಿಸ್ಸಂದಿಗ್ಧವಾಗಿರುವುದು ಬೇರೆ, ಕೇಳಿದವನ ಮನಸ್ಸು ಅದನ್ನು ಒಪ್ಪುವುದು ಬೇರೆ. ಡೇವಿಡ್ ಟಾಲ್ ಮತ್ತು ಶ್ವಾರ್ಜೆನ್‌ಬರ್ಗರ್ ಎಂಬ ವಿದ್ವಾಂಸರು ವಿಶ್ವವಿದ್ಯಾನಿಲಯದ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಇದೇ ಪ್ರಶ್ನೆಯನ್ನು ಹಾಕಿ, ಬಂದ ಉತ್ತರಗಳನ್ನು ಕುರಿತು ೧೯೭೮ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಹೆಚ್ಚಿನ ವಿದ್ಯಾರ್ಥಿಗಳು ೦.೯೯೯… ಎಂಬುದು ಒಂದಕ್ಕಿಂತ ಕಡಿಮೆಯೆಂದೇ ಹೇಳಿದ್ದರು. ಈ ಸಂಶಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಹಾಗೆ ಮಾಡುವ ಮುನ್ನ ಚರಿತ್ರೆಯನ್ನು ಒಮ್ಮೆ ವಿಚಾರಿಸುವುದು ಒಳ್ಳೆಯದು. ಏಕೆಂದರೆ ಗಣಿತದ ಚರಿತ್ರೆಯಲ್ಲಿ ಅಗ್ರಗಣ್ಯರಾದವರೇ ಈ ಸಂಶಯವನ್ನು ಎತ್ತಿದ್ದಾರೆ. ಅದಕ್ಕೆ ತೃಪ್ತಿಕರವಾದ ಸಮಾಧಾನವು ಒಂದೇ ದಿನದಲ್ಲಿ ದೊರೆತುದಲ್ಲ.

ನಾವು ಚರಿತ್ರೆಯ ಅಭ್ಯಾಸಿಗಳು. ಇಲ್ಲಿ ಹೊಸ ಗಣಿತವನ್ನೇನೂ ಮಂಡಿಸುತ್ತಿಲ್ಲ. ಈ ಸಮತೆಯ ಅರ್ಥವು ಯಾವ ಹಾದಿಯಲ್ಲಿ ಸ್ಪಷ್ಟವಾಯಿತು, ಆ ಹಾದಿಯಿಂದ ಇಂದಿನ ಅಧ್ಯಾಪಕನು ಕಲಿಯತಕ್ಕದ್ದೇನು ಎಂಬುದನ್ನು ತೋರಿಸುವುದಷ್ಟೇ ಈ ಲೇಖನದ ಉದ್ದೇಶ. ಪ್ರತಿ ಹಂತದಲ್ಲಿಯೂ ಉಳಿಯುವ ಶೇಷವನ್ನು ಕಣ್ಣಿನಿಂದ ಮರೆಯಾಗಲು ಬಿಡದವರಿಗೆ ಈ ವಿಷಯವು ತಿಳಿಯಾಯಿತೆಂಬುದು ನಮ್ಮ ಪ್ರತಿಪಾದನೆ.

೨

ಮೊದಲಿಗೆ ತರಗತಿಗಳಲ್ಲಿ ರೂಢಿಯಲ್ಲಿರುವ ಉಪಪತ್ತಿಯನ್ನು ಪರೀಕ್ಷಿಸೋಣ. ೦.೯೯೯… ಎಂಬುದನ್ನು ‘ಕ’ ಎಂದು ಕರೆಯುವುದು. ಅದನ್ನು ಹತ್ತರಿಂದ ಗುಣಿಸಿದರೆ ೯.೯೯೯… ಬರುತ್ತದೆ. ಇದರಿಂದ ‘ಕ’ವನ್ನು ಕಳೆದರೆ ದಶಮಾಂಶ ಭಾಗವು ಪೂರ್ತಿಯಾಗಿ ಹೋಗಿ ೯ ಉಳಿಯುತ್ತದೆ. ಎಂದರೆ ‘ಕ’ದ ಒಂಬತ್ತರಷ್ಟು ಒಂಬತ್ತಕ್ಕೆ ಸಮ, ಆದುದರಿಂದ ‘ಕ’ವು ಒಂದಕ್ಕೆ ಸಮ.

ಫಲಿತಾಂಶವು ಸರಿಯಾದುದೇ. ಆದರೆ ಈ ಉಪಪತ್ತಿಯು ಎರಡು ಸಂಗತಿಗಳನ್ನು ಸದ್ದಿಲ್ಲದೆ ಅಂಗೀಕರಿಸಿಕೊಂಡಿದೆ: ಕೊನೆಯಿಲ್ಲದ ಆ ಬರವಣಿಗೆಯು ಯಾವುದೋ ಒಂದು ನಿಶ್ಚಿತ ಸಂಖ್ಯೆಯನ್ನು ಸೂಚಿಸುತ್ತದೆಂಬುದು ಒಂದು, ಕೊನೆಯುಳ್ಳ ದಶಮಾಂಶಗಳನ್ನು ಗುಣಿಸಿ ಕಳೆಯುವ ನಿಯಮಗಳು ಕೊನೆಯಿಲ್ಲದವುಗಳಿಗೂ ಅನ್ವಯಿಸುತ್ತವೆಂಬುದು ಇನ್ನೊಂದು. ಇವನ್ನು ವಿಚಾರಿಸದೆ ಬಿಟ್ಟರೆ ಒದಗುವ ಅಪಾಯಕ್ಕೆ ಒಂದು ನಿದರ್ಶನ ಕೊಡಬಹುದು. ೧ + ೧೦ + ೧೦೦ + ೧೦೦೦ + … ಎಂಬ ಶ್ರೇಢಿಯನ್ನು ‘ಖ’ ಎನ್ನೋಣ. ಹತ್ತರಿಂದ ಗುಣಿಸಿದರೆ ೧೦ + ೧೦೦ + ೧೦೦೦ + … ಬರುತ್ತದೆ. ಅದು ‘ಖ’ಕ್ಕಿಂತ ಒಂದು ಕಡಿಮೆ. ಆದುದರಿಂದ ‘ಖ’ದ ಒಂಬತ್ತರಷ್ಟು ಋಣ ಒಂದಕ್ಕೆ ಸಮ; ‘ಖ’ವು ಒಂಬತ್ತನೆಯ ಒಂದು ಭಾಗದಷ್ಟು ಋಣಸಂಖ್ಯೆ! ಧನಸಂಖ್ಯೆಗಳನ್ನೇ ಕೂಡಿಸುತ್ತ ಹೋಗಿ ಸೊನ್ನೆಗಿಂತ ಕೆಳಗಿಳಿದಂತಾಯಿತು. ಮೊದಲಿನ ವಾದಕ್ಕೂ ಇದಕ್ಕೂ ಹೊರರೂಪದಲ್ಲಿ ಭೇದವಿಲ್ಲ. ಒಂದು ಸತ್ಯವನ್ನೂ ಇನ್ನೊಂದು ಅಸಂಬದ್ಧವನ್ನೂ ಹೇಳುತ್ತಿರುವಾಗ, ಅವುಗಳನ್ನು ಬೇರ್ಪಡಿಸುವ ಕಾರಣವು ಈ ವಾದದ ಹೊರಗೆ ಎಲ್ಲಿಯೋ ಇರಬೇಕು.

ಮೂರನೆಯ ಒಂದು ಭಾಗವನ್ನು ಮೂರರಿಂದ ಗುಣಿಸುವ ಉಪಪತ್ತಿಗೂ ಇದೇ ದೋಷವಿದೆ. ೦.೯೯೯… ಒಂದನ್ನು ಮುಟ್ಟುವುದಿಲ್ಲವೆನ್ನುವವನು ೦.೩೩೩… ಮೂರನೆಯ ಒಂದು ಭಾಗವನ್ನು ಮುಟ್ಟುತ್ತದೆಂದು ಒಪ್ಪಲು ಕಾರಣವೇನೂ ಇಲ್ಲ. ಅವನು ಒಪ್ಪಿದ್ದರೆ ಅದು ಅಭ್ಯಾಸಬಲದಿಂದ. ಹೀಗೆ ಸಂಶಯವು ಪರಿಹಾರವಾಗದೆ ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುತ್ತದೆ, ಅಷ್ಟೆ.

೩

ಇನ್ನು ಚರಿತ್ರೆಯ ಕಡೆಗೆ ತಿರುಗೋಣ. ಕೊನೆಯಿಲ್ಲದೆ ಕ್ಷೀಣಿಸುತ್ತ ಹೋಗುವ ಭಾಗಗಳ ಮೊತ್ತವನ್ನು ನಿರ್ದುಷ್ಟವಾಗಿ ವಿಚಾರ ಮಾಡಿದವರಲ್ಲಿ ಆರ್ಕಿಮಿಡೀಸನು ಪ್ರಾಚೀನನು. ಕ್ರಿ. ಪೂ. ೩ನೆಯ ಶತಮಾನದಲ್ಲಿ ಸಿಸಿಲಿಯ ಸಿರಾಕ್ಯೂಸಿನಲ್ಲಿದ್ದ ಈತನು ಪರವಲಯದ ಖಂಡವೊಂದರ ಕ್ಷೇತ್ರಫಲವು ಅದರೊಳಗೆ ರಚಿಸಿದ ತ್ರಿಕೋನದ ಮೂರನೆಯ ನಾಲ್ಕರಷ್ಟು, ಎಂದರೆ ೪/೩ರಷ್ಟು, ಇರುತ್ತದೆಂದು ಸಾಧಿಸಿದನು. ಖಂಡದೊಳಗೆ ತ್ರಿಕೋನಗಳನ್ನು ತುಂಬುತ್ತ ಹೋದಂತೆ ಪ್ರತಿ ಸಲವೂ ಕೂಡುವ ಕ್ಷೇತ್ರವು ಹಿಂದಿನದರ ಕಾಲುಭಾಗವಾಗಿರುತ್ತದೆ: ೧, ೧/೪, ೧/೧೬, ೧/೬೪ ಇತ್ಯಾದಿ. ಆರ್ಕಿಮಿಡೀಸನು ಇವನ್ನು ‘ಅನಂತವಾಗಿ’ ಕೂಡಿಸಲು ಹೋಗಲಿಲ್ಲ. ಎಷ್ಟು ಪದಗಳನ್ನು ಕೂಡಿಸಿ ನಿಲ್ಲಿಸಿದರೂ, ಆ ಮೊತ್ತಕ್ಕೆ ಕೊನೆಯ ಪದದ ಮೂರನೆಯ ಒಂದು ಭಾಗವನ್ನು ಸೇರಿಸಿದರೆ ಸರಿಯಾಗಿ ೪/೩ ಆಗುತ್ತದೆಂದು ತೋರಿಸಿದನು. ಅನಂತರ ಕ್ಷೇತ್ರಫಲವು ೪/೩ಕ್ಕಿಂತ ಹೆಚ್ಚೆಂದರೆ ವಿರೋಧ ಬರುತ್ತದೆ, ಕಡಿಮೆಯೆಂದರೂ ವಿರೋಧ ಬರುತ್ತದೆ ಎಂದು ಎರಡು ದಿಕ್ಕಿನಿಂದಲೂ ಕಟ್ಟಿಹಾಕಿದನು.

ಶೇಷವನ್ನು ಕೊನೆಯ ಪದವಾಗಿ ಇಟ್ಟುಕೊಂಡು ಲೆಕ್ಕವನ್ನು ಪೂರ್ಣಗೊಳಿಸುವ ಕೌಶಲಕ್ಕೆ ಕನ್ನಡ ನಾಡಿನೊಡನೆ ಸಂಬಂಧವುಳ್ಳ ಒಂದು ಗ್ರಂಥದಲ್ಲಿಯೂ ನಿದರ್ಶನವಿದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಗ್ರಂಥಾರಂಭದಲ್ಲಿ ಪ್ರಶಂಸಿಸಿರುವ ಮಹಾವೀರಾಚಾರ್ಯನು ೯ನೆಯ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಒಂದೆಂಬ ಸಂಖ್ಯೆಯನ್ನು, ಅಂಶಗಳೆಲ್ಲ ಒಂದೇ ಆಗಿರುವ ಇಷ್ಟಸಂಖ್ಯೆಯ ಭಿನ್ನಗಳ ಮೊತ್ತವಾಗಿ ಒಡೆಯುವ ಸೂತ್ರವು ಅದರಲ್ಲಿದೆ. ಛೇದಗಳನ್ನು ಒಂದರಿಂದ ಆರಂಭಿಸಿ ಮೂರು ಮೂರರಿಂದ ಗುಣಿಸುತ್ತ ಹೋಗಿ, ಮೊದಲನೆಯದನ್ನು ಎರಡರಿಂದಲೂ ಕಡೆಯದನ್ನು ಮೂರನೆಯ ಎರಡರಿಂದಲೂ ಗುಣಿಸಬೇಕೆಂಬುದು ಅದರ ತಾತ್ಪರ್ಯ. ಐದು ಪದಗಳಿಗೆ ಇದನ್ನು ಅನ್ವಯಿಸಿದರೆ ೧/೨ + ೧/೩ + ೧/೯ + ೧/೨೭ + ೧/೫೪ = ೧ ಎಂದಾಗುತ್ತದೆ. ಇಲ್ಲಿ ಕಡೆಯ ಪದವು ಅದರ ಹಿಂದಿನವುಗಳ ಮೊತ್ತವು ಒಂದನ್ನು ತಲಪಲು ಎಷ್ಟು ಕಡಿಮೆಯೋ ಅಷ್ಟೇ ಆಗಿದೆ. ಪದಗಳನ್ನು ಹೆಚ್ಚಿಸಿದಂತೆಲ್ಲ ಅದು ಕಿರಿದಾಗುತ್ತದೆ. ಈ ಸೂತ್ರವು ಪರಿಮಿತ ಪದಗಳಿಗೆ ಹೇಳಿದುದು. ಅದರಲ್ಲಿ ಅನಂತ ಶ್ರೇಢಿಯನ್ನು ಕಾಣುವುದು ಗ್ರಂಥಕ್ಕೆ ಇಲ್ಲದ ಅರ್ಥವನ್ನು ಹೇರಿದಂತಾಗುವುದು. ಆದರೂ ಒಂದರ ಒಡೆತದಲ್ಲಿ ಶೇಷಕ್ಕೆ ಯಾವ ಸ್ಥಾನವೆಂಬುದನ್ನು ಇದಕ್ಕಿಂತ ಸರಳವಾಗಿ ತೋರಿಸುವುದು ಕಷ್ಟ.

೪

ಮುಂದಿನ ಹೆಜ್ಜೆಯನ್ನು, ಎಂದರೆ ಕೊನೆಯಿಲ್ಲದ ಶ್ರೇಢಿಯನ್ನೇ ನೇರವಾಗಿ ಪ್ರಶ್ನಿಸುವ ಹೆಜ್ಜೆಯನ್ನು, ಕೇರಳದ ಗಣಿತಜ್ಞರಲ್ಲಿ ಕಾಣುತ್ತೇವೆ. ೧೪೪೪ರಲ್ಲಿ ಜನಿಸಿದ ನೀಲಕಂಠ ಸೋಮಯಾಜಿಯು ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ, ಚಾಪವನ್ನು ಜ್ಯಾ ಮತ್ತು ಶರಗಳಿಂದ ಪಡೆಯುವ ಸಂದರ್ಭದಲ್ಲಿ, ೧/೪ + ೧/೧೬ + ೧/೬೪ + … ಎಂಬ ಶ್ರೇಢಿಯ ಮೊತ್ತವು ೧/೩ ಎಂಬುದನ್ನು ವಿಚಾರಿಸುತ್ತಾನೆ. ಆರ್ಕಿಮಿಡೀಸನ ಶ್ರೇಢಿಯೇ ಇಲ್ಲಿ ಬೇರೊಂದು ಪ್ರಯೋಜನಕ್ಕಾಗಿ ಬಂದಿರುವುದು ಗಮನಾರ್ಹ. ಇದಕ್ಕಿಂತ ಗಮನಾರ್ಹವಾದುದು ನೀಲಕಂಠನು ತಾನೇ ಎತ್ತಿಕೊಳ್ಳುವ ಪೂರ್ವಪಕ್ಷ. ಮೊತ್ತವು ಅಷ್ಟರವರೆಗೆ ಮಾತ್ರ ಬೆಳೆಯುತ್ತದೆಂದು ಹೇಗೆ ತಿಳಿಯಿತು? ಅಷ್ಟರವರೆಗೆ ಬೆಳೆದೇ ಬೆಳೆಯುತ್ತದೆಂದು ಹೇಗೆ ತಿಳಿಯಿತು? ಹೀಗೆ ಆತನ ಪ್ರಶ್ನೆಗೆ ಎರಡು ಮುಖಗಳಿವೆ. ೦.೯೯೯… ಕುರಿತು ಇಂದಿನ ವಿದ್ಯಾರ್ಥಿಯು ಕೇಳುವ ಪ್ರಶ್ನೆಯು ಇದರ ಎರಡನೆಯ ಮುಖವೇ ಆಗಿದೆ.

ಆತನ ಸಮಾಧಾನವು ಶೇಷದ ಮೇಲೆ ನಿಂತಿದೆ. ಮೂರನೆಯ ಒಂದು ಭಾಗದಿಂದ ನಾಲ್ಕನೆಯ ಒಂದು ಭಾಗವನ್ನು ತೆಗೆದರೆ ಹನ್ನೆರಡನೆಯ ಒಂದು ಭಾಗ ಉಳಿಯುತ್ತದೆ. ಅದು ತೆಗೆದ ಭಾಗದ ಮೂರನೆಯ ಒಂದು. ಅದರಿಂದ ೧/೧೬ ತೆಗೆದರೆ ೧/೪೮ ಉಳಿಯುತ್ತದೆ. ಅದೂ ತೆಗೆದುದರ ಮೂರನೆಯ ಒಂದು. ಅದರಿಂದ ೧/೬೪ ತೆಗೆದರೆ ೧/೧೯೨ ಉಳಿಯುತ್ತದೆ. ಪ್ರತಿ ಹಂತದಲ್ಲಿಯೂ ಶೇಷವಿದೆ. ಆದುದರಿಂದ ಮೊತ್ತವು ೧/೩ನ್ನು ಎಂದೂ ಮೀರದು. ಪ್ರತಿ ಹಂತದಲ್ಲಿಯೂ ಶೇಷವು ಕಾಲುಭಾಗಕ್ಕೆ ಇಳಿಯುತ್ತದೆ. ಆದುದರಿಂದ ೧/೩ಕ್ಕಿಂತ ಕಡಿಮೆಯಾದ ಯಾವುದೂ ಮೊತ್ತದ ಎಲ್ಲೆಯಾಗಲಾರದು.

ಈ ಕ್ರಮವನ್ನು ನಾಲ್ಕರ ಬದಲು ಹತ್ತಕ್ಕೆ ಅನ್ವಯಿಸಿದರೆ ನಮ್ಮ ಪ್ರಶ್ನೆಗೆ ಉತ್ತರ ಬರುತ್ತದೆ. ಈ ಅನ್ವಯವು ನಮ್ಮದು, ಭಾಷ್ಯಕಾರನದಲ್ಲ. ೧ = ೦.೯ + ೦.೧; ೧ = ೦.೯೯ + ೦.೦೧; ೧ = ೦.೯೯೯ + ೦.೦೦೧. ಎಲ್ಲಿ ನಿಂತರೂ ಸಮತೆಯು ನಿಖರವಾಗಿದೆ, ಏಕೆಂದರೆ ಶೇಷವನ್ನು ನಾವು ಬಿಟ್ಟಿಲ್ಲ. ಈಗ ಒಬ್ಬನು ೦.೯೯೯… ಎಂಬುದು ಒಂದಕ್ಕಿಂತ ಕೋಟಿಯ ಒಂದು ಭಾಗದಷ್ಟು ಕಡಿಮೆಯೆನ್ನಲಿ. ಎಂಟು ಒಂಬತ್ತುಗಳನ್ನು ಬರೆದಾಗಲೇ ಶೇಷವು ಹತ್ತು ಕೋಟಿಯ ಒಂದು ಭಾಗಕ್ಕೆ ಇಳಿದು ಆತನ ಮಾತು ಸುಳ್ಳಾಗುತ್ತದೆ. ಆತನು ಇನ್ನೂ ಸಣ್ಣ ಅಂತರವನ್ನು ಹೇಳಿದರೆ ಇನ್ನಷ್ಟು ಒಂಬತ್ತುಗಳು ಅದನ್ನೂ ದಾಟುತ್ತವೆ. ಯಾವ ಅಂತರವನ್ನು ಹೆಸರಿಸಿದರೂ ಅದು ನಿಲ್ಲದಿದ್ದರೆ ಅಂತರವೇ ಇಲ್ಲವೆಂದು ಒಪ್ಪಬೇಕಾಗುತ್ತದೆ.

ಹಿಂದೆ ಹೇಳಿದ ‘ಖ’ ಶ್ರೇಢಿಯ ಗತಿಯೂ ಈಗ ಸ್ಪಷ್ಟವಾಗುತ್ತದೆ. ಅಲ್ಲಿ ಪ್ರತಿ ಹೆಜ್ಜೆಗೂ ಪದವು ಹತ್ತರಷ್ಟು ಹಿಗ್ಗುತ್ತದೆ. ಕುಗ್ಗುವ ಶೇಷವೆಂಬುದೇ ಅಲ್ಲಿಲ್ಲ. ಆದಕಾರಣ ಅದಕ್ಕೆ ಮೊತ್ತವೆಂಬ ಹೆಸರು ಸಲ್ಲದು, ಅದನ್ನು ‘ಖ’ ಎಂದು ಕರೆದುದೇ ಪ್ರಮಾದ.

೫

ದಶಮಾಂಶದ ಬರವಣಿಗೆಯಲ್ಲಿ ಈ ಪ್ರಶ್ನೆಯು ಪ್ರವೇಶಿಸಿದ ಬಗೆಯನ್ನು ಇನ್ನು ಸಂಕ್ಷೇಪವಾಗಿ ನೋಡಬಹುದು. ದಶಮಾಂಶ ಭಿನ್ನಗಳನ್ನು ೧೦ನೆಯ ಶತಮಾನದಲ್ಲಿ ದಮಾಸ್ಕಸಿನ ಅಲ್ ಉಕ್ಲಿದಿಸಿಯೂ, ೧೫ನೆಯ ಶತಮಾನದಲ್ಲಿ ಸಮರ್ಕಂದಿನ ಅಲ್ ಕಾಶಿಯೂ ಬಳಸಿದ್ದರು. ಯೂರೋಪಿನಲ್ಲಿ ಅವನ್ನು ಜನಬಳಕೆಗೆ ತಂದ ಕೀರ್ತಿಯು ಸೈಮನ್ ಸ್ಟೆವಿನ್ನನಿಗೆ ಸಲ್ಲುತ್ತದೆ. ೧೫೮೫ರಲ್ಲಿ ಡಚ್ ಭಾಷೆಯಲ್ಲಿ ಪ್ರಕಟವಾದ ಆತನ ಕಿರುಹೊತ್ತಗೆಯಲ್ಲಿ, ನಾಲ್ಕನ್ನು ಮೂರರಿಂದ ಭಾಗಿಸಿದರೆ ಮೂರುಗಳು ಕೊನೆಯಿಲ್ಲದೆ ಬರುತ್ತವೆ, ಯಾವಾಗಲೂ ಸ್ವಲ್ಪ ಉಳಿಯುತ್ತದೆ ಎಂಬ ಸಂಗತಿಯು ಉಕ್ತವಾಗಿದೆ. ಕೆಲಸಕ್ಕೆ ಬೇಕಾದಷ್ಟು ಸ್ಥಾನಗಳವರೆಗೆ ಹೋಗಿ ಉಳಿದುದನ್ನು ಬಿಡಬಹುದೆಂಬುದು ಆತನ ಸಲಹೆ. ಭೂಮಿ ಅಳೆಯುವವರಿಗೂ ವರ್ತಕರಿಗೂ ಬರೆದ ಪುಸ್ತಕಕ್ಕೆ ಇದು ಉಚಿತವೇ. ಆದರೆ ಶೇಷವನ್ನು ಬಿಡುವ ಈ ವ್ಯಾವಹಾರಿಕ ಪದ್ಧತಿಯಿಂದ, ಕೊನೆಯಿಲ್ಲದ ದಶಮಾಂಶವೆಂದರೆ ‘ಸುಮಾರು’ ಸಂಖ್ಯೆಯೆಂಬ ಭಾವನೆ ಬೇರೂರಿದುದು ಆಶ್ಚರ್ಯವಲ್ಲ. ಇಂದಿನ ವಿದ್ಯಾರ್ಥಿಯ ಸಂಶಯಕ್ಕೂ ಬಹುಮಟ್ಟಿಗೆ ಇದೇ ಮೂಲವೆಂದು ನಮಗೆ ತೋರುತ್ತದೆ. ಆತನು ಅಂಕಗಣಿತವನ್ನು ಕಲಿತದ್ದು ಸ್ಟೆವಿನ್ನನ ಕ್ರಮದಲ್ಲಿಯೇ.

೧೭೭೦ರ ಸುಮಾರಿಗೆ ಆಯ್ಲರನು ತನ್ನ ಬೀಜಗಣಿತದ ಪಠ್ಯದಲ್ಲಿ ಗುಣೋತ್ತರ ಶ್ರೇಢಿಯ ಸೂತ್ರದಿಂದ ೯.೯೯೯… ಎಂಬುದು ಹತ್ತಕ್ಕೆ ಸಮವೆಂದು ಪಡೆದನು. ಫಲಿತಾಂಶವು ಹೀಗೆ ಕೈಗೆ ಬಂದಿದ್ದರೂ ಅನಂತದೊಡನೆ ವ್ಯವಹರಿಸುವ ಗಣಿತದ ತಳಹದಿಯು ಆಗಿನ್ನೂ ಭದ್ರವಾಗಿರಲಿಲ್ಲ. ಐರ್ಲೆಂಡಿನ ತತ್ತ್ವಜ್ಞಾನಿ ಬರ್ಕ್ಲಿಯು ೧೭೩೪ರಲ್ಲಿಯೇ, ಗಣಿತಜ್ಞರು ಒಮ್ಮೆ ಇದೆಯೆಂದೂ ಮತ್ತೊಮ್ಮೆ ಇಲ್ಲವೆಂದೂ ಹೇಳುವ ಸೂಕ್ಷ್ಮ ಪರಿಮಾಣಗಳನ್ನು ಕಟುವಾಗಿ ಆಕ್ಷೇಪಿಸಿದ್ದನು.

ಈ ಆಕ್ಷೇಪಕ್ಕೆ ಯೋಗ್ಯವಾದ ಉತ್ತರವನ್ನು ಕೊಡುವ ಕಾರ್ಯವು ೧೯ನೆಯ ಶತಮಾನದಲ್ಲಿ ನಡೆಯಿತು. ಫ್ರಾನ್ಸಿನ ಕೋಶಿಯು ೧೮೨೧ರ ತನ್ನ ಪಠ್ಯಗ್ರಂಥದಲ್ಲಿ ಅನಂತ ಶ್ರೇಢಿಯ ಮೊತ್ತವೆಂದರೇನೆಂಬುದನ್ನು ಲಕ್ಷಣಪೂರ್ವಕವಾಗಿ ಹೇಳಿದನು: ಆಂಶಿಕ ಮೊತ್ತಗಳು ಯಾವ ನಿಶ್ಚಿತ ಮಿತಿಯ ಕಡೆಗೆ ಸಾಗುವುವೋ ಆ ಮಿತಿಯೇ ಮೊತ್ತ, ಅಂಥ ಮಿತಿಯಿಲ್ಲದಿದ್ದರೆ ಮೊತ್ತವೂ ಇಲ್ಲ. ಜರ್ಮನಿಯ ವೈಯರ್‌ಸ್ಟ್ರಾಸನು ಈ ವಿಚಾರವನ್ನು ಇನ್ನಷ್ಟು ಬಿಗಿಗೊಳಿಸಿದನು. ೧೮೭೨ರಲ್ಲಿ ಡೆಡೆಕಿಂಡನೂ ಕ್ಯಾಂಟರನೂ ಬೇರೆ ಬೇರೆ ಮಾರ್ಗಗಳಿಂದ ವಾಸ್ತವ ಸಂಖ್ಯೆಯೆಂದರೇನೆಂಬುದನ್ನೇ ನಿರೂಪಿಸಿದರು. ಡೆಡೆಕಿಂಡನ ಪ್ರಕಾರ, ಭಿನ್ನರಾಶಿಗಳನ್ನೆಲ್ಲ ಕೆಳಗಿನವು, ಮೇಲಿನವು ಎಂದು ಎರಡು ವರ್ಗಗಳಾಗಿ ಕತ್ತರಿಸುವ ರೀತಿಯೇ ಒಂದು ಸಂಖ್ಯೆಯನ್ನು ನಿರ್ಣಯಿಸುತ್ತದೆ. ಒಂದಕ್ಕಿಂತ ಕಡಿಮೆಯಾದ ಪ್ರತಿಯೊಂದು ಭಿನ್ನವನ್ನೂ ೦.೯, ೦.೯೯, ೦.೯೯೯ ಇವುಗಳಲ್ಲಿ ಯಾವುದಾದರೊಂದು ದಾಟುತ್ತದೆ. ಒಂದನ್ನು ಯಾವುದೂ ದಾಟದು. ಆದುದರಿಂದ ಎರಡು ಬರವಣಿಗೆಗಳೂ ಒಂದೇ ಕಡೆಯಲ್ಲಿ ಕತ್ತರಿಸುತ್ತವೆ. ಸೂಚಿಸುವ ಸಂಖ್ಯೆಯೂ ಒಂದೇ.

ಇಲ್ಲಿ ಆದ ನಿರ್ಣಯವನ್ನು ಸರಿಯಾಗಿ ಗ್ರಹಿಸಬೇಕು. ೦.೯, ೦.೯೯, ೦.೯೯೯ ಎಂಬ ಸಾಲಿನಲ್ಲಿ ಯಾವುದೂ ಒಂದಲ್ಲವೆಂದು ವಿದ್ಯಾರ್ಥಿಯು ಹೇಳುವುದು ನಿಜ. ಆದರೆ ಮೂರು ಚುಕ್ಕೆಗಳನ್ನಿಟ್ಟು ಬರೆದ ೦.೯೯೯… ಎಂಬುದು ಆ ಸಾಲಿನ ಸದಸ್ಯನಲ್ಲ. ಆ ಇಡೀ ಸಾಲು ನಿರ್ಣಯಿಸುವ ಸಂಖ್ಯೆಗೆ ಅದು ಹೆಸರು. ಹೆಸರು ಎಲ್ಲಿಗೂ ನಡೆಯುವುದಿಲ್ಲ, ಯಾವುದನ್ನೂ ಸಮೀಪಿಸುವುದಿಲ್ಲ.

೬

ಇದೆಲ್ಲ ಬರಿಯ ಶಬ್ದವಿಚಾರವೆಂದು ಕೆಲವರಿಗೆ ತೋರಬಹುದು. ಹಾಗಲ್ಲವೆಂಬುದಕ್ಕೆ ೧೮೭೭ನೆಯ ಇಸವಿಯ ಜೂನ್ ತಿಂಗಳಿನ ಒಂದು ಪತ್ರವ್ಯವಹಾರವು ಸಾಕ್ಷಿಯಾಗಿದೆ. ಒಂದು ಚೌಕದಲ್ಲಿರುವ ಬಿಂದುಗಳೆಲ್ಲವನ್ನೂ ಒಂದು ರೇಖಾಖಂಡದ ಬಿಂದುಗಳೊಡನೆ ಒಂದಕ್ಕೊಂದರಂತೆ ಜೋಡಿಸಬಹುದೆಂದು ಕ್ಯಾಂಟರನು ಡೆಡೆಕಿಂಡನಿಗೆ ಬರೆದನು. ಆತನ ಉಪಾಯ ಸರಳವಾಗಿತ್ತು. ಚೌಕದ ಬಿಂದುವಿನ ಎರಡು ನಿರ್ದೇಶಾಂಕಗಳನ್ನು ದಶಮಾಂಶಗಳಾಗಿ ಬರೆದು, ಅವುಗಳ ಅಂಕಗಳನ್ನು ಒಂದಾದ ಮೇಲೊಂದರಂತೆ ಹೆಣೆದರೆ ರೇಖೆಯ ಮೇಲಿನ ಒಂದು ದಶಮಾಂಶ ದೊರೆಯುತ್ತದೆ. ಒಂದೇ ಸಂಖ್ಯೆಗೆ ಎರಡು ಬರವಣಿಗೆಗಳಿರುವ ತೊಡಕನ್ನು ತಪ್ಪಿಸಲು, ಸೊನ್ನೆಗಳಲ್ಲಿ ಕೊನೆಗಾಣುವ ರೂಪವನ್ನು ನಿಷೇಧಿಸಿ, ೦.೧ ಎಂಬುದನ್ನು ೦.೦೯೯೯… ಎಂದೇ ಬರೆಯಬೇಕೆಂದು ಆತನು ನಿಯಮಿಸಿದ್ದನು.

ಈ ನಿಯಮದಲ್ಲಿಯೇ ಲೋಪವಿರುವುದನ್ನು ಡೆಡೆಕಿಂಡನು ಒಡನೆಯೇ ತೋರಿಸಿಕೊಟ್ಟನು. ಆತನ ಆಕ್ಷೇಪವನ್ನು ನಾವು ಒಂದು ಉದಾಹರಣೆಯಿಂದ ವಿವರಿಸಬಹುದು. ರೇಖೆಯ ಮೇಲೆ ೦.೧೧೦೧೦೧೦೧… ಎಂಬ ಬಿಂದುವನ್ನು ತೆಗೆದುಕೊಂಡು ಅಂಕಗಳನ್ನು ಬಿಡಿಸಿದರೆ ಒಂದು ನಿರ್ದೇಶಾಂಕವು ೦.೧೦೦೦… ಎಂದೂ ಇನ್ನೊಂದು ೦.೧೧೧೧… ಎಂದೂ ಬರುತ್ತವೆ. ಮೊದಲನೆಯದು ನಿಷಿದ್ಧ ರೂಪ. ಅದನ್ನು ೦.೦೯೯೯… ಎಂದು ತಿದ್ದಿ ಮತ್ತೆ ಹೆಣೆದರೆ ೦.೦೧೯೧೯೧೯೧… ಎಂಬ ಬೇರೆಯೇ ಬಿಂದು ಸಿಗುತ್ತದೆ. ಹೀಗಾಗಿ ಮೊದಲಿನ ಬಿಂದುವಿಗೆ ಚೌಕದಲ್ಲಿ ಜೊತೆಯೇ ಇಲ್ಲ. ಕ್ಯಾಂಟರನು ಆಕ್ಷೇಪವನ್ನು ಒಪ್ಪಿ, ವಿತತ ಭಿನ್ನಗಳನ್ನು ಬಳಸಿ ಬೇರೊಂದು ಉಪಪತ್ತಿಯನ್ನು ಕಟ್ಟಿ, ೧೮೭೮ರಲ್ಲಿ ಪ್ರಕಟಿಸಿದನು. ಒಂದು ಸಂಖ್ಯೆಗೆ ಎರಡು ಬರವಣಿಗೆಗಳುಂಟೆಂಬ ಸಣ್ಣ ಸಂಗತಿಯು ಒಂದು ಮಹತ್ತ್ವದ ಉಪಪತ್ತಿಯನ್ನು ಹಿಂದಕ್ಕೆ ಪಡೆಯುವಂತೆ ಮಾಡಿತು.

ಈ ಇಬ್ಬಗೆಯ ಬರವಣಿಗೆಯು ಸಂಖ್ಯೆಯ ದೋಷವಲ್ಲ, ಲಿಪಿಕ್ರಮದ ಗುಣ. ಹತ್ತನ್ನು ಆಧಾರವಾಗಿಟ್ಟುಕೊಂಡ ಕ್ರಮದಲ್ಲಿ ಒಂಬತ್ತರ ಆವರ್ತವು ಪೂರ್ಣಾಂಕಕ್ಕೆ ಸಮವಾದರೆ, ಎರಡನ್ನು ಆಧಾರವಾಗಿಟ್ಟುಕೊಂಡ ಕ್ರಮದಲ್ಲಿ ೦.೧೧೧… ಎಂಬುದು ಒಂದಕ್ಕೆ ಸಮ. ಮೂರರ ಕ್ರಮದಲ್ಲಿ ೦.೨೨೨… ಒಂದಕ್ಕೆ ಸಮ. ಸೊನ್ನೆ ಮತ್ತು ಒಂಬತ್ತನ್ನು ಬಿಟ್ಟರೆ ಬೇರಾವ ಅಂಕದ ಆವರ್ತವೂ ನಮ್ಮ ದಶಮಾನ ಕ್ರಮದಲ್ಲಿ ಪೂರ್ಣಾಂಕವನ್ನು ಕೊಡದು.

ಕೊನೆಯದಾಗಿ ಒಂದು ಆಕ್ಷೇಪವನ್ನು ಗಮನಿಸಬೇಕು. ಸೊನ್ನೆಯಲ್ಲದ, ಆದರೂ ಎಲ್ಲ ಭಿನ್ನಗಳಿಗಿಂತ ಕಿರಿದಾದ ಪರಿಮಾಣಗಳುಳ್ಳ ಸಂಖ್ಯಾವ್ಯವಸ್ಥೆಯನ್ನು ಏಬ್ರಹಾಂ ರಾಬಿನ್ಸನ್ನನು ನಿರ್ದುಷ್ಟವಾಗಿ ಕಟ್ಟಿ, ಅದನ್ನು ಕುರಿತ ಗ್ರಂಥವನ್ನು ೧೯೬೬ರಲ್ಲಿ ಪ್ರಕಟಿಸಿದನು. ಆ ವ್ಯವಸ್ಥೆಯಲ್ಲಿ ಒಂಬತ್ತುಗಳನ್ನು ಅನಂತಸಂಖ್ಯೆಯ ಒಂದು ಸ್ಥಾನದವರೆಗೆ ಬರೆದು ಅಲ್ಲಿ ನಿಲ್ಲಿಸಿದರೆ, ಒಂದಕ್ಕೆ ಅತಿಸೂಕ್ಷ್ಮವಾದ ಕೊರತೆ ನಿಜವಾಗಿಯೂ ಉಳಿಯುತ್ತದೆ. ಆದರೆ ಹಾಗೆ ನಿಲ್ಲಿಸಿದ ಬರವಣಿಗೆಗೆ ಕಡೆಯ ಅಂಕವಿದೆ. ಎಲ್ಲಿಯೂ ನಿಲ್ಲದ ೦.೯೯೯… ಅದಲ್ಲ, ಅದು ಅಲ್ಲಿಯೂ ಒಂದೇ ಆಗಿರುತ್ತದೆ.

೭

ಮೇಲಿನ ವಿವೇಚನೆಯಿಂದ ಅಧ್ಯಾಪಕರು ಗ್ರಹಿಸಬಹುದಾದ ಅಂಶಗಳನ್ನು ಹೇಳಿ ಮುಗಿಸುತ್ತೇವೆ. ೦.೯೯೯… ಒಂದಕ್ಕೆ ಸಮವಲ್ಲವೆಂದು ವಾದಿಸುವ ವಿದ್ಯಾರ್ಥಿಯು, ಮೊತ್ತವು ಅಷ್ಟರವರೆಗೆ ಬೆಳೆದೇ ಬೆಳೆಯುವುದೇ ಎಂದು ನೀಲಕಂಠನು ಎತ್ತಿಕೊಂಡ ಪ್ರಶ್ನೆಯನ್ನೇ ಕೇಳುತ್ತಿದ್ದಾನೆ. ಹತ್ತರಿಂದ ಗುಣಿಸಿ ಕಳೆಯುವ ಯುಕ್ತಿಯಿಂದ ಆತನ ಬಾಯಿ ಮುಚ್ಚಿಸಬಹುದು. ಆದರೆ ಅದರಿಂದ ಆತನು ಕಲಿಯುವುದು, ಗಣಿತದಲ್ಲಿ ಮನಸ್ಸು ಒಪ್ಪದ ಮಾತಿಗೂ ತಲೆದೂಗಬೇಕೆಂಬ ಪಾಠವನ್ನು. ಅದರ ಬದಲು ೧ = ೦.೯೯೯ + ೦.೦೦೧ ಎಂದು ಶೇಷಸಹಿತವಾಗಿ ಬರೆದು, ಅಂತರವಿದೆಯೆನ್ನುವುದಾದರೆ ಅದೆಷ್ಟೆಂದು ಹೇಳೆಂದು ಆತನನ್ನೇ ಕೇಳುವುದು ಮೇಲು. ಆತನು ಹೇಳಿದ ಪ್ರತಿಯೊಂದು ಅಂತರವನ್ನೂ ಆತನ ಕೈಯಿಂದಲೇ ಅಳಿಸಿದ ಮೇಲೆ, ಮೂರು ಚುಕ್ಕೆಗಳಿಗೆ ಅರ್ಥವೇನೆಂಬ ಲಕ್ಷಣವನ್ನು ಹೇಳಬೇಕು. ಉಪಪತ್ತಿಯು ಮೊದಲು, ಲಕ್ಷಣವು ಅನಂತರ: ಚರಿತ್ರೆಯಲ್ಲಿ ಇವು ಬಂದ ಕ್ರಮವೂ ಅದೇ.